ಕಾಯಿಸಿ ಕಾಪಾಡಿದ ವಿಜ್ಞಾನ: ಲೂಯಿ ಪಾಶ್ಚರ್ ಮತ್ತು ಹಾಸನ ಸೀಮೆ

ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ರೋಗ ಬಾರದಂತೆ ನೋಡಿಕೊಳ್ಳುವುದು ಮೇಲು ಎಂಬ ತಿಳಿವಳಿಕೆ ಎಲ್ಲ ಸಮಾಜಗಳಲ್ಲೂ ಹಳೆಯದೇ. ಆದರೆ ಯಾವುದನ್ನು ತಡೆಯಬೇಕು, ಎಲ್ಲಿ ತಡೆಯಬೇಕು, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇಟ್ಟು ತಡೆಯಬೇಕು ಎಂಬ ಪ್ರಶ್ನೆಗಳಿಗೆ ಅಳೆದು ತೂಗಿದ ಉತ್ತರ ದೊರೆತದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ, ಫ್ರಾನ್ಸಿನ ರಸಾಯನವಿಜ್ಞಾನಿ ಲೂಯಿ ಪಾಶ್ಚರ್ ಮತ್ತು ಅವರ ಶಿಷ್ಯವರ್ಗದ ಕೈಯಲ್ಲಿ. ಆ ಉತ್ತರ ಪ್ಯಾರಿಸ್ಸಿನ ಪ್ರಯೋಗಶಾಲೆಯಿಂದ ಹೇಮಾವತಿ ದಂಡೆಯ ಹಳ್ಳಿಗಳವರೆಗೆ ಪೂರ್ತಿಯಾಗಿ ಬರಲು ಸುಮಾರು ಒಂದು ಶತಮಾನವೇ ಹಿಡಿಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಗೆ ಅದು ಮೂರು ದಾರಿಗಳಲ್ಲಿ ಬಂದಿತು: ರೇಷ್ಮೆ ಮೊಟ್ಟೆಯ ಪರೀಕ್ಷೆಯಾಗಿ, ಮನುಷ್ಯರಿಗೂ ದನಕರುಗಳಿಗೂ ಹಾಕುವ ಲಸಿಕೆಯಾಗಿ, ಪಾಶ್ಚರೀಕರಿಸಿದ ಹಾಲಾಗಿ. ಈ ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ವಿಜ್ಞಾನ ಎಷ್ಟೇ ನಿಜವಾಗಿದ್ದರೂ ಅದನ್ನು ಆಚರಣೆಗೆ ತರಬೇಕಾದ ಜನರ ವಿಶ್ವಾಸವನ್ನು ಗಳಿಸದೆ, ಅವರ ಬದುಕಿಗೆ ಅದರಿಂದ ಏನಾದರೂ ಒದಗದೆ, ಅದು ನೆಲದಲ್ಲಿ ಬೇರು ಬಿಡುವುದಿಲ್ಲ.

ಹುದುಗುವಿಕೆಯ ಗುಟ್ಟು

1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ ಚರ್ಮ ಹದ ಮಾಡುವವರ ಮನೆಯಲ್ಲಿ ಹುಟ್ಟಿದ ಪಾಶ್ಚರ್ ವೈದ್ಯರಾಗಿರಲಿಲ್ಲ. ಹರಳುಗಳ ರಚನೆಯನ್ನು ಅಭ್ಯಾಸ ಮಾಡುತ್ತ ಹೆಸರು ಗಳಿಸಿದ ರಸಾಯನಶಾಸ್ತ್ರಜ್ಞರಾಗಿದ್ದರು. 1854ರಲ್ಲಿ ಕೈಗಾರಿಕಾ ನಗರವಾದ ಲಿಲ್ಲಿನ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಹೋದ ಮೇಲೆ, ಬೀಟ್‌ರೂಟಿನಿಂದ ಮದ್ಯಸಾರ ತೆಗೆಯುವ ಸ್ಥಳೀಯ ಉದ್ಯಮಿಯೊಬ್ಬರು ತಮ್ಮ ತೊಟ್ಟಿಗಳಲ್ಲಿನ ರಸ ಹುಳಿತು ಹಾಳಾಗುತ್ತಿರುವುದಕ್ಕೆ ಕಾರಣ ಹುಡುಕಿಕೊಡುವಂತೆ ಅವರನ್ನು ಕೇಳಿಕೊಂಡರು. ಚೆನ್ನಾಗಿ ಹುದುಗಿದ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳೂ ಕೆಟ್ಟ ರಸದಲ್ಲಿ ಅವುಗಳಿಗಿಂತ ಬಹಳ ಚಿಕ್ಕದಾದ, ಕಡ್ಡಿಯಾಕಾರದ ಜೀವಿಗಳೂ ಸೂಕ್ಷ್ಮದರ್ಶಕದಲ್ಲಿ ಕಂಡವು. ಹಾಲು ಹುಳಿಯುವುದೂ ಇಂಥದೇ ಜೀವಿಗಳಿಂದ ಎಂದು ಅವರು 1857ರಲ್ಲಿ ಪ್ರಕಟಿಸಿದರು. ಹುದುಗುವಿಕೆ ಕೇವಲ ರಾಸಾಯನಿಕ ಕೊಳೆತವೆಂದು ಜರ್ಮನಿಯ ಲೀಬಿಗ್ ಮೊದಲಾದ ಘಟಾನುಘಟಿಗಳು ಸಾರುತ್ತಿದ್ದ ಕಾಲದಲ್ಲಿ, ಒಂದೊಂದು ಬಗೆಯ ಹುದುಗುವಿಕೆಗೂ ಒಂದೊಂದು ಬಗೆಯ ಜೀವಿ ಕಾರಣ ಎಂಬ ಈ ಮಾತು ದೊಡ್ಡ ತಿರುವಾಗಿತ್ತು. ಆಹಾರ ಕೆಡುವುದಕ್ಕೆ ನಿರ್ದಿಷ್ಟ ಜೀವಿ ಕಾರಣವಾದರೆ, ರೋಗಕ್ಕೂ ನಿರ್ದಿಷ್ಟ ಜೀವಿಯೇ ಕಾರಣವಿರಬಹುದು ಎಂಬ ಊಹೆಗೆ ದಾರಿ ತೆರೆದದ್ದು ಇಲ್ಲಿಂದಲೇ.

ಈ ಜೀವಿಗಳು ಎಲ್ಲಿಂದ ಬರುತ್ತವೆ ಎಂಬುದು ಮುಂದಿನ ಪ್ರಶ್ನೆ. ಕೊಳೆಯುವ ವಸ್ತುವಿನಲ್ಲಿ ಜೀವ ತಾನಾಗಿಯೇ ಹುಟ್ಟುತ್ತದೆ ಎಂದು ರೂಆನ್ ನಗರದ ನಿಸರ್ಗವಿಜ್ಞಾನಿ ಫೆಲಿಕ್ಸ್ ಪೂಶೆ ವಾದಿಸುತ್ತಿದ್ದರು. ಪಾಶ್ಚರ್ ಉದ್ದನೆಯ, ಬಾಗಿದ ಕೊರಳಿನ ಗಾಜಿನ ಬುರುಡೆಗಳಲ್ಲಿ ಪೋಷಕ ದ್ರವವನ್ನು ಕುದಿಸಿ ಇಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಮಾತ್ರ ಕೊರಳಿನ ತಿರುವಿನಲ್ಲೇ ನಿಲ್ಲುತ್ತಿತ್ತು, ದ್ರವ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕೊರಳನ್ನು ಮುರಿದರೆ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. 1864ರ ಏಪ್ರಿಲ್‌ನಲ್ಲಿ ಸೋರ್ಬಾನಿನಲ್ಲಿ ನೀಡಿದ ಉಪನ್ಯಾಸದ ವೇಳೆಗೆ ಈ ವಿವಾದದಲ್ಲಿ ಪಾಶ್ಚರ್ ಗೆದ್ದಂತೆಯೇ ಆಗಿತ್ತು. ಆದರೆ ಪೂಶೆಯವರ ಪ್ರಯೋಗಗಳನ್ನು ಹಗುರವಾಗಿ ತಳ್ಳಿಹಾಕಲಾಗದು ಎಂದು ಇತ್ತೀಚಿನ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ಅವರು ಬಳಸುತ್ತಿದ್ದುದು ಒಣಹುಲ್ಲು ನೆನೆಸಿದ ನೀರು. ಹುಲ್ಲಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯ ಬಿಸಿಯನ್ನು ತಡೆಯಬಲ್ಲ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ಕುದಿಯುವ ನೀರಿನಲ್ಲೂ ಬದುಕುಳಿಯುತ್ತದೆ ಎಂಬುದು 1870ರ ದಶಕದಲ್ಲಿ ಫರ್ಡಿನಾಂಡ್ ಕೋನ್ ಮತ್ತು ಜಾನ್ ಟಿಂಡಾಲ್ ಅವರ ಕೆಲಸದಿಂದ ಗೊತ್ತಾಯಿತು. ಸಾಧಾರಣವಾಗಿ ಕಾಯಿಸಿದ ಹಾಲು ಏಕೆ ಕೆಲವು ದಿನಗಳಷ್ಟೇ ಉಳಿಯುತ್ತದೆ, ತಿಂಗಳುಗಟ್ಟಲೆ ಇಡಬೇಕಾದ ಹಾಲನ್ನು ಏಕೆ 135 ಡಿಗ್ರಿಗೂ ಮೇಲಿನ ಬಿಸಿಗೆ ಕೆಲವು ಸೆಕೆಂಡು ಒಡ್ಡಬೇಕು ಎಂಬುದಕ್ಕೆ ವಿವರಣೆ ಇರುವುದು ಈ ಬೀಜಾಣುಗಳಲ್ಲೇ.

1863ರಲ್ಲಿ ಫ್ರಾನ್ಸಿನ ದ್ರಾಕ್ಷಾರಸ ರಫ್ತಾಗುವ ದಾರಿಯಲ್ಲೇ ಕೆಡುತ್ತಿದ್ದುದನ್ನು ಪರಿಶೀಲಿಸಲು ಚಕ್ರವರ್ತಿ ಮೂರನೇ ನೆಪೋಲಿಯನ್ ಪಾಶ್ಚರರನ್ನು ಕೇಳಿಕೊಂಡರು. ಗಾಳಿಯಾಡದ ಪಾತ್ರೆಯಲ್ಲಿ ದ್ರಾಕ್ಷಾರಸವನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಕುದಿಯುವ ಮಟ್ಟಕ್ಕಿಂತ ಬಹಳ ಕೆಳಗೆ, ಸ್ವಲ್ಪ ಹೊತ್ತು ಬಿಸಿ ಮಾಡಿದರೆ ಕೆಡಿಸುವ ಜೀವಿಗಳು ಸಾಯುತ್ತವೆ, ರುಚಿ ಮಾತ್ರ ಉಳಿಯುತ್ತದೆ ಎಂದು ಅವರು ಕಂಡುಕೊಂಡು 1865ರಲ್ಲಿ ಹಕ್ಕುಪತ್ರ ಪಡೆದರು. ಆಹಾರವನ್ನು ಬಿಸಿ ಮಾಡಿ ಮುಚ್ಚಿಡುವ ಕೌಶಲ ಹೊಸದಲ್ಲ. ಶತಮಾನದ ಆರಂಭದಲ್ಲೇ ನಿಕೊಲಾ ಅಪೆರ್ ಎಂಬ ಫ್ರೆಂಚ್ ಮಿಠಾಯಿಗಾರರು ಸೀಸೆಗಳಲ್ಲಿ ಆಹಾರವನ್ನು ಕುದಿಸಿ ಕಾಪಿಡುವುದನ್ನು ಸಾಧಿಸಿ ತೋರಿಸಿದ್ದರು. ಪಾಶ್ಚರ್ ಸೇರಿಸಿದ್ದು ಕಾರಣದ ಅರಿವನ್ನು. ಕೊಲ್ಲಬೇಕಾದ್ದು ಯಾವ ಜೀವಿ ಎಂದು ಗೊತ್ತಾದ ಮೇಲೆ ಅದಕ್ಕೆ ಸಾಕಾಗುವಷ್ಟೇ ಬಿಸಿಯನ್ನು ಲೆಕ್ಕಹಾಕಿ ಕೊಡಬಹುದಾಯಿತು. ಪಾಶ್ಚರೀಕರಣದ ತಿರುಳು ಈ ಲೆಕ್ಕಾಚಾರದಲ್ಲಿದೆ.

ರೇಷ್ಮೆಯ ಬಿತ್ತನೆ ಕೋಠಿ

ಅದೇ 1865ರಲ್ಲಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಆಲೆಸ್‌ಗೆ ಹೋದರು. ಅಲ್ಲಿನ ರೇಷ್ಮೆ ಹುಳುಗಳು ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳಾಗಿ ಸಾಯುತ್ತಿದ್ದವು. ಇದೇ ಪೆಬ್ರಿನ್, ಕನ್ನಡ ನಾಡಿನ ರೇಷ್ಮೆ ಬೆಳೆಗಾರರು ಗಂಟು ರೋಗ ಎಂದು ಕರೆಯುವ ಕಾಯಿಲೆ. ರೋಗಿಷ್ಠ ಹುಳುಗಳಲ್ಲಿ ಕಾಣುವ ಸೂಕ್ಷ್ಮ ಕಣಗಳು ರೋಗದ ಕಾರಣವಲ್ಲ, ಫಲ ಎಂದೇ ಪಾಶ್ಚರ್ ಮೊದಲು ಭಾವಿಸಿದ್ದರು. ಅವು ಪರೋಪಜೀವಿಗಳೆಂದು ಒಪ್ಪಿಕೊಳ್ಳಲು ಅವರಿಗೆ ವರ್ಷಗಳೇ ಬೇಕಾದವು. ಗಂಟು ರೋಗದ ಜೊತೆಗೆ ಸಪ್ಪೆ ರೋಗ ಎಂಬ ಇನ್ನೊಂದು ಕಾಯಿಲೆಯೂ ಬೆರೆತಿದೆ ಎಂಬುದನ್ನು ಅವರು ಅನಂತರ ಬೇರ್ಪಡಿಸಿ ತೋರಿಸಿದರು. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದರಿಂದ, ಪ್ರತಿಯೊಂದು ಹೆಣ್ಣು ಚಿಟ್ಟೆಯೂ ಪ್ರತ್ಯೇಕವಾಗಿ ಮೊಟ್ಟೆಯಿಡುವಂತೆ ಮಾಡಿ, ಮೊಟ್ಟೆಯಿಟ್ಟಾದ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣಗಳು ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಟ್ಟುಹಾಕುವ ವಿಧಾನವನ್ನು ಅವರು ನೆಲೆಗೊಳಿಸಿದರು. ಮೊಟ್ಟೆ ಪರೀಕ್ಷೆಯ ಸೂಚನೆ ಇಟಲಿಯ ಸಂಶೋಧಕರಿಂದ ಮೊದಲೇ ಬಂದಿತ್ತಾದರೂ ಅದನ್ನು ಹಳ್ಳಿಯ ಬೆಳೆಗಾರರು ನಂಬಬಹುದಾದ ಕ್ರಮವಾಗಿ ಕಟ್ಟಿದ ಕೀರ್ತಿ ಪಾಶ್ಚರರದು.

ಟಿಪ್ಪುವಿನ ಕಾಲದಿಂದ ರೇಷ್ಮೆಯನ್ನು ಬೆಳೆಯುತ್ತಿದ್ದ ಮೈಸೂರು ಸೀಮೆಯೂ 19ನೇ ಶತಮಾನದಲ್ಲಿ ಹುಳುವಿನ ರೋಗಗಳಿಂದ ನಲುಗಿತ್ತು. ಜಮ್‌ಶೆಟ್‌ಜಿ ಟಾಟಾ ಅವರು ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿನ ಬಸವನಗುಡಿಯ ಬಳಿ ಜಪಾನಿ ತಜ್ಞರನ್ನು ಕರೆಸಿ ತೆರೆದ ರೇಷ್ಮೆ ಫಾರಂ ಸೂಕ್ಷ್ಮದರ್ಶಕ ಪರೀಕ್ಷೆಯನ್ನು ಈ ನಾಡಿಗೆ ಪರಿಚಯಿಸಿದ ಮೊದಲ ಪ್ರಯತ್ನಗಳಲ್ಲಿ ಒಂದು. 1910ರ ದಶಕದಲ್ಲಿ ಸಂಸ್ಥಾನವು ರೇಷ್ಮೆಗೆಂದೇ ಇಲಾಖೆಯನ್ನು ಕಟ್ಟಿದ ಮೇಲೆ ಅದು ಸರ್ಕಾರಿ ಕೆಲಸವಾಯಿತು. ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯನ್ನು ಪರೀಕ್ಷಿಸಿ ರೋಗರಹಿತವೆಂದು ಖಾತ್ರಿಯಾದ ಮೊಟ್ಟೆಗಳನ್ನಷ್ಟೇ ಬೆಳೆಗಾರರಿಗೆ ಕೊಡುವ ಪದ್ಧತಿ ಇಂದಿಗೂ ನಡೆದಿದೆ. ಹಾಸನ ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬೆಳೆದು ಚಾಕಿ ಹುಳು ತಂದು ಸಾಕುವ ಕುಟುಂಬಕ್ಕೆ ಪಾಶ್ಚರರ ಹೆಸರು ಗೊತ್ತಿರಲೇಬೇಕೆಂದಿಲ್ಲ. ಆದರೂ ಗೂಡು ಕಟ್ಟುವ ಮೊದಲೇ ಬೆಳೆ ಕೈಕೊಡುವ ಭಯವನ್ನು ಕಡಿಮೆ ಮಾಡಿದ್ದು ಅವರ ಕ್ರಮವೇ. ಇಲ್ಲಿ ಒತ್ತಾಯ ಬೇಕಾಗಲಿಲ್ಲ, ಏಕೆಂದರೆ ಪರೀಕ್ಷಿಸಿದ ಮೊಟ್ಟೆಯಿಂದ ಗೂಡಿನ ಇಳುವರಿ ಹೆಚ್ಚುವುದನ್ನು ಬೆಳೆಗಾರ ತನ್ನ ತಟ್ಟೆಯಲ್ಲೇ ಕಾಣುತ್ತಿದ್ದ.

ಲಸಿಕೆ, ಪ್ಲೇಗು ಮತ್ತು ಅಧಿಕಾರ

1879ರಿಂದ 1885ರವರೆಗಿನ ಆರು ವರ್ಷಗಳು ಪಾಶ್ಚರರ ಕೀರ್ತಿಯ ಶಿಖರ. ಕೋಳಿಗಳ ಕಾಲರಾ ಉಂಟುಮಾಡುವ ಬ್ಯಾಕ್ಟೀರಿಯವನ್ನು ಬೆಳೆಸಿ ಬಹುಕಾಲ ಬಿಟ್ಟಾಗ ಅದರ ಉಗ್ರತೆ ಕುಗ್ಗುತ್ತದೆ, ಅಂಥದನ್ನು ಚುಚ್ಚಿದ ಕೋಳಿ ಮುಂದೆ ಉಗ್ರ ರೋಗಾಣುವನ್ನೂ ತಡೆದುಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. 1881ರ ಮೇ ತಿಂಗಳಲ್ಲಿ ಪುಯೀ-ಲೆ-ಫೋರ್ ಎಂಬ ಹಳ್ಳಿಯಲ್ಲಿ 24 ಕುರಿಗಳಿಗೆ ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ, ಲಸಿಕೆ ಹಾಕಿ, ಇನ್ನೂ 24 ಕುರಿಗಳನ್ನು ಹಾಗೆಯೇ ಬಿಟ್ಟು, ಎರಡು ಗುಂಪಿಗೂ ಉಗ್ರ ರೋಗಾಣು ಚುಚ್ಚಿದಾಗ ಲಸಿಕೆ ಪಡೆದವು ಉಳಿದವು, ಪಡೆಯದವು ಸತ್ತವು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ರೇಬೀಸ್ ಲಸಿಕೆ ಕೊಡಲಾಯಿತು; ಹುಡುಗ ಬದುಕಿದ. ಪಾಶ್ಚರರ ಖಾಸಗಿ ಟಿಪ್ಪಣಿ ಪುಸ್ತಕಗಳನ್ನು ಓದಿ ಇತಿಹಾಸಕಾರ ಜೆರಾಲ್ಡ್ ಗೀಸನ್ 1995ರಲ್ಲಿ ಪ್ರಕಟಿಸಿದ ಅಧ್ಯಯನವು, ಪುಯೀ-ಲೆ-ಫೋರಿನಲ್ಲಿ ಬಳಸಿದ್ದು ಪಾಶ್ಚರ್ ಬಹಿರಂಗವಾಗಿ ಹೇಳಿದ ವಿಧಾನದ ಲಸಿಕೆಯಲ್ಲ, ಸಹೋದ್ಯೋಗಿ ಶಾಂಬರ್ಲಾಂ ರಾಸಾಯನಿಕದಿಂದ ತಯಾರಿಸಿದ ಲಸಿಕೆ ಎಂದು ತೋರಿಸಿತು; ಅಂಥ ಮಾರ್ಗವನ್ನು ಅವರಿಗಿಂತ ಮೊದಲೇ ಪಶುವೈದ್ಯ ತೂಸಾಂ ಹಿಡಿದಿದ್ದರು. ಮೈಸ್ಟರ್‌ಗೆ ಚಿಕಿತ್ಸೆ ಕೊಡುವ ಮುನ್ನ ಸಾಕಷ್ಟು ಪ್ರಾಣಿಪ್ರಯೋಗ ನಡೆದಿತ್ತೇ ಎಂಬ ಪ್ರಶ್ನೆಯನ್ನೂ ಅವರು ಎತ್ತಿದರು. ಕೆಲವು ವಿಜ್ಞಾನಿಗಳು ಗೀಸನ್‌ರ ನಿಲುವನ್ನು ಬಲವಾಗಿ ಖಂಡಿಸಿದರು. ಪಾಶ್ಚರರ ನಡವಳಿಕೆಯ ಬಗೆಗಿನ ಈ ಚರ್ಚೆ ಏನೇ ಇರಲಿ, ಲಸಿಕೆಯ ತತ್ತ್ವ ಮಾತ್ರ ಅಲುಗಾಡದೆ ನಿಂತಿತು.

1888ರಲ್ಲಿ ತೆರೆದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಿಂದ ಭಾರತಕ್ಕೆ ಬಂದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಈ ಯಹೂದಿ ವಿಜ್ಞಾನಿ 1893ರಲ್ಲಿ ತಮ್ಮ ಕಾಲರಾ ಲಸಿಕೆಯೊಂದಿಗೆ ಬಂದಿಳಿದರು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಪತ್ತೆಯಾದಾಗ ಅಲ್ಲಿಗೆ ಧಾವಿಸಿ, ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಮೂರು ತಿಂಗಳಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಆ ಲಸಿಕೆಯ ತಯಾರಿ ಗಮನಾರ್ಹವಾದುದು: ಪೋಷಕ ದ್ರವದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಬ್ಯಾಕ್ಟೀರಿಯ ಆ ಹನಿಗಳಿಗೆ ಅಂಟಿಕೊಂಡು ಕೆಳಮುಖವಾಗಿ ಬಿಳಲು ಬಿಟ್ಟಂತೆ ಬೆಳೆಯುತ್ತಿತ್ತು; ಹಾಗೆ ಹುಲುಸಾಗಿ ಬೆಳೆದುದನ್ನು ಸುಮಾರು 65 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗೆ ತುಂಬುತ್ತಿದ್ದರು. ದ್ರಾಕ್ಷಾರಸವನ್ನು ಉಳಿಸಲು ಪಾಶ್ಚರ್ ಕಂಡುಕೊಂಡ ಹದವಾದ ಬಿಸಿಯೇ ಇಲ್ಲಿ ಕೊಲ್ಲುವ ರೋಗಾಣುವನ್ನು ಕಾಯುವ ಲಸಿಕೆಯಾಗಿ ಬದಲಿಸಿತು.

ಪ್ಲೇಗು ರೈಲು ಹಿಡಿದು ಬಂದಿತು. ಮುಂಬಯಿ ಪ್ರಾಂತದ ಹುಬ್ಬಳ್ಳಿ, ಧಾರವಾಡಗಳನ್ನು ಮುಟ್ಟಿ 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಅನಂತರ ಮೈಸೂರು ನಗರಕ್ಕೂ ಸಂಸ್ಥಾನದ ಜಿಲ್ಲೆಗಳಿಗೂ ಹಬ್ಬಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿಯೂ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿಯೂ ಇದ್ದ ಕಾಲ ಅದು; ವಿ. ಪಿ. ಮಾಧವರಾವ್ ಪ್ಲೇಗ್ ಕಮಿಷನರ್ ಆಗಿ ನೇಮಕಗೊಂಡರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆಮನೆಯ ಶೋಧ, ಸೋಂಕಿನ ಮನೆಯ ಹೆಂಚು ತೆಗೆದು ಬಿಸಿಲಿಗೊಡ್ಡುವುದು, ರೋಗಿಗಳನ್ನೂ ಅವರ ಮನೆಯವರನ್ನೂ ಊರಾಚೆಯ ಶಿಬಿರಗಳಿಗೆ ಸಾಗಿಸುವುದು ನಡೆಯಿತು. ಇವೆಲ್ಲ ಜನರಿಗೆ ರೋಗದಷ್ಟೇ ಭಯಾನಕವಾಗಿ ಕಂಡವು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ಎದ್ದಿತು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯ ಆಚೆ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಅಗಲವಾದ ರಸ್ತೆ, ಗಾಳಿ ಬೆಳಕುಗಳೊಂದಿಗೆ ಬೆಳೆದದ್ದೂ, ಗಲ್ಲಿಗಲ್ಲಿಗಳಲ್ಲಿ ಪ್ಲೇಗಮ್ಮನ ಗುಡಿಗಳು ತಲೆಯೆತ್ತಿದ್ದೂ ಇದೇ ಆಪತ್ತಿನಿಂದ.

ಹುಬ್ಬಳ್ಳಿಯಲ್ಲಿ ಕಥೆ ಬೇರೆಯ ತಿರುವು ಪಡೆಯಿತು. 1898ರ ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಹಾಫ್‌ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಪಟ್ಟಣದಲ್ಲಿ ಉಳಿದಿದ್ದವರಲ್ಲಿ ಬಹುಪಾಲು ಜನ ಅದನ್ನು ಪಡೆದರು, ಲಸಿಕೆ ಪಡೆದವರಲ್ಲಿ ಸಾವು ಎದ್ದು ಕಾಣುವಷ್ಟು ಕಡಿಮೆಯಾಯಿತು. ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹೊಣೆ ಹಾಫ್‌ಕಿನ್ ಮೇಲೆ ಬಂದು ಅವರು ಹುದ್ದೆ ಕಳೆದುಕೊಂಡರು. ಸೀಸೆಯನ್ನು ತೆರೆಯುವಾಗ ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದೇ ಕಾರಣವಾಗಿರಬೇಕೆಂದು ತಿಳಿದು, ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ದನಿಯೆತ್ತಿದ ಮೇಲೆ 1907ರಲ್ಲಿ ಹಾಫ್‌ಕಿನ್ ಆರೋಪದಿಂದ ಮುಕ್ತರಾದರು. ಅಷ್ಟರಲ್ಲಿ ಲಸಿಕೆಯ ಮೇಲಿನ ವಿಶ್ವಾಸಕ್ಕೆ ದೊಡ್ಡ ಪೆಟ್ಟು ಬಿದ್ದಾಗಿತ್ತು. ಪ್ಲೇಗಿನ ದಿನಗಳನ್ನು ವಿವರಿಸುವ ಇತಿಹಾಸಕಾರರಲ್ಲಿ ಡೇವಿಡ್ ಆರ್ನಾಲ್ಡ್ ಅವರು ವಸಾಹತು ಸರ್ಕಾರ ವೈದ್ಯಕೀಯದ ಹೆಸರಿನಲ್ಲಿ ಪ್ರಜೆಗಳ ದೇಹದ ಮೇಲೆಯೇ ಅಧಿಕಾರ ಚಲಾಯಿಸಿತು ಎಂಬುದಕ್ಕೆ ಒತ್ತು ಕೊಟ್ಟರೆ, ಪ್ರತಿರೋಧ ಎಲ್ಲೆಡೆ ಒಂದೇ ಬಗೆಯದಾಗಿರಲಿಲ್ಲ, ಸ್ಥಳೀಯ ಸಂದರ್ಭಗಳು ಅದನ್ನು ರೂಪಿಸಿದವು ಎಂದು ಇತರರು ಹೇಳುತ್ತಾರೆ. ಸೈನ್ಯ, ಪೊಲೀಸರ ಶೋಧ ಗಲಭೆ ಎಬ್ಬಿಸಿದ ಕಾಲದಲ್ಲೇ ಹುಬ್ಬಳ್ಳಿಯ ಜನ ಲಸಿಕೆಗೆ ತೋಳು ಒಡ್ಡಿದರು ಎಂಬ ವ್ಯತ್ಯಾಸ ಈ ಎರಡನೆಯ ಮಾತಿಗೆ ಬಲ ಕೊಡುತ್ತದೆ.

ಹಾಸನ ಸೀಮೆಯ ಹಳ್ಳಿಗಳಲ್ಲಿ ಪ್ಲೇಗು 20ನೇ ಶತಮಾನದ ಮೊದಲ ಅರ್ಧದವರೆಗೂ ಮರುಕಳಿಸುತ್ತಲೇ ಇತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲತೋಟಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆ ಎಂದು ಪಾಶ್ಚರ್ ಸಂಸ್ಥೆಯವರೇ ಆದ ಪೋಲ್-ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ದು ಈ ರೂಢಿಯ ಹಿಂದಿನ ಜಾಣ್ಮೆಯನ್ನು ಸಮರ್ಥಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. 1970ರ ಅವರ ಕಾದಂಬರಿ ‘ಗೃಹಭಂಗ’ದಲ್ಲಿ ಒಂದು ಸಂಸಾರ ಪ್ಲೇಗಿನಿಂದ ಕುಸಿಯುವುದು ಈ ಸೀಮೆಯ ಹಳ್ಳಿಗಳ ಅನುಭವದ ಸಾಕ್ಷ್ಯವೂ ಹೌದು. ಲಸಿಕೆ ಕಂಡುಹಿಡಿದು ದಶಕಗಳಾದ ಮೇಲೂ ಅದು ವೇಳೆಗೆ ಸರಿಯಾಗಿ ಎಲ್ಲ ಹಳ್ಳಿಗಳನ್ನು ತಲುಪಲಿಲ್ಲವೆಂಬುದು ಇಂಥ ಮನೆಗಳ ಇತಿಹಾಸದಿಂದ ತಿಳಿಯುತ್ತದೆ. ಕೊನೆಗೆ ಪ್ಲೇಗು ಹಿಮ್ಮೆಟ್ಟಿದ್ದು 1940ರ ದಶಕದ ನಂತರ, ಚಿಗಟ ಕೊಲ್ಲುವ ಡಿ.ಡಿ.ಟಿ. ಮತ್ತು ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳು ಬಂದ ಮೇಲೆ.

ಲಸಿಕೆ ಹೆಚ್ಚು ಸುಲಭವಾಗಿ ಒಪ್ಪಿಗೆಯಾದದ್ದು ದನದ ಕೊಟ್ಟಿಗೆಯಲ್ಲಿ. ಅಮೃತ ಮಹಲ್ ಮತ್ತು ಹಳ್ಳಿಕಾರ್ ತಳಿಗಳಿಗೆ ಹೆಸರಾದ ಹಳೆ ಮೈಸೂರು ಸೀಮೆಯಲ್ಲಿ ದೊಡ್ಡರೋಗ, ನೆರಡಿ, ಚಪ್ಪೆ, ಗಳಲೆ ರೋಗಗಳು ಒಮ್ಮೆ ನುಗ್ಗಿದರೆ ಉಳುವ ಎತ್ತೂ ಇಲ್ಲದಂತೆ ಮಾಡುತ್ತಿದ್ದವು. 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸ್ಥಾಪನೆಯಾದ ಸೀರಂ ಸಂಸ್ಥೆ ಸಂಸ್ಥಾನದೊಳಗೇ ಲಸಿಕೆ ತಯಾರಿಸಿತು. ಅದರ ಉತ್ತರಾಧಿಕಾರಿ ಸಂಸ್ಥೆ ಇಂದಿಗೂ ನೆರಡಿ ರೋಗದ ಲಸಿಕೆಯನ್ನು ತಯಾರಿಸುತ್ತಿದೆ. ದೊಡ್ಡರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಇನ್ನು ಮನುಷ್ಯರಲ್ಲಿ, ಹುಚ್ಚುನಾಯಿ ಕಚ್ಚಿದವರು ಚಿಕಿತ್ಸೆಗಾಗಿ ಮೊದಲು ದೂರದ ಕಸೌಲಿಗೆ, 1907ರ ನಂತರ ಕೂನೂರಿನ ದಕ್ಷಿಣ ಭಾರತ ಪಾಶ್ಚರ್ ಸಂಸ್ಥೆಗೆ ಹೋಗಬೇಕಾಗಿತ್ತು. ಸೆಂಪಲ್ ಎಂಬ ವೈದ್ಯರು ರೂಪಿಸಿದ ಲಸಿಕೆ ಊರೂರ ಆಸ್ಪತ್ರೆಗಳಿಗೆ ಬಂದ ಮೇಲೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬುದು ಮನೆಮಾತಾಯಿತು. ನೋವಿನ ಜೊತೆಗೆ ನರಗಳಿಗೆ ಅಪಾಯವನ್ನೂ ಒಡ್ಡಬಲ್ಲ ಆ ಲಸಿಕೆಯನ್ನು ಈ ಶತಮಾನದ ಮೊದಲ ದಶಕದಲ್ಲಿ ಕೈಬಿಟ್ಟು, ತೋಳಿಗೆ ಹಾಕುವ ಸುರಕ್ಷಿತ ಲಸಿಕೆಗಳನ್ನು ತರಲಾಯಿತು.

ಹಾಲಿನ ದಾರಿ

ಪಾಶ್ಚರೀಕರಣ ಎಂದೊಡನೆ ಇಂದು ನೆನಪಾಗುವ ಹಾಲಿಗೆ ಆ ವಿಧಾನವನ್ನು ಅನ್ವಯಿಸಿದವರು ಪಾಶ್ಚರ್ ಅಲ್ಲ. ಹಸುಗೂಸುಗಳಿಗೆ ಕೊಡುವ ಹಾಲನ್ನು ಬಿಸಿ ಮಾಡಬೇಕೆಂದು 1886ರಲ್ಲಿ ಸೂಚಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಾನ್ಜ್ ಸಾಕ್ಸ್‌ಲೆಟ್. 1893ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ನೇಥನ್ ಸ್ಟ್ರಾಸ್ ಬಡ ಮಕ್ಕಳಿಗಾಗಿ ಪಾಶ್ಚರೀಕರಿಸಿದ ಹಾಲಿನ ಕೇಂದ್ರಗಳನ್ನು ತೆರೆದರು. ಹಸಿ ಹಾಲಿನಿಂದ ಕ್ಷಯ, ಟೈಫಾಯಿಡ್, ಬ್ರುಸೆಲ್ಲಾ ಜ್ವರಗಳು ಹರಡುತ್ತಿದ್ದ ಪಶ್ಚಿಮದ ನಗರಗಳಲ್ಲಿ ಇದು ಮಕ್ಕಳ ಸಾವನ್ನು ಇಳಿಸಿತು. ಹಾಲಿನ ಗುಣ ಕೆಡುತ್ತದೆ, ಕೊಳಕು ಹಾಲನ್ನು ಮಾರುವವರಿಗೆ ಇದೊಂದು ಮರೆಯಾಗುತ್ತದೆ ಎಂಬ ಆಕ್ಷೇಪಗಳೂ ಬಂದವು. ಕನ್ನಡ ನಾಡಿನ ಸ್ಥಿತಿ ಬೇರೆಯಾಗಿತ್ತು. ಇಲ್ಲಿ ಹಾಲನ್ನು ಕಾಯಿಸದೆ ಕುಡಿಯುವ ರೂಢಿ ಕಡಿಮೆ. ಕಾಯಿಸಿ ಆರಿಸಿ ಹೆಪ್ಪು ಹಾಕಿ ಮೊಸರು ಮಾಡುವುದು ಪ್ರತಿ ಮನೆಯ ಕೆಲಸ, ಅಂದರೆ ಪಾಶ್ಚರ್ 1857ರಲ್ಲಿ ವಿವರಿಸಿದ ಜೀವಿಗಳನ್ನೇ ಬೇಕಾದ ಹೊತ್ತಿನಲ್ಲಿ ಬೇಕಾದಷ್ಟು ಬಳಸಿಕೊಳ್ಳುವ ಕಲೆ. ಮನೆಯ ಒಲೆ ಮನೆಯವರನ್ನು ಕಾಪಾಡುತ್ತಿತ್ತು. ಆದರೆ ಹಳ್ಳಿಯ ಹಾಲು ದೂರದ ನಗರಕ್ಕೆ ಹೋಗಬೇಕಾದಾಗ ದಾರಿಯಲ್ಲೇ ಒಡೆದುಹೋಗುವುದನ್ನು ಅದು ತಡೆಯಲಾರದಾಗಿತ್ತು. ಆದ್ದರಿಂದ ಇಲ್ಲಿ ಪಾಶ್ಚರೀಕರಣದ ಅಗತ್ಯ ಆರೋಗ್ಯದ ಜೊತೆಗೆ ಮಾರುಕಟ್ಟೆಯ ಪ್ರಶ್ನೆಯೂ ಆಗಿತ್ತು.

ಹಾಲನ್ನು ಕೆಡದಂತೆ ನಿರ್ವಹಿಸುವ ಜ್ಞಾನಕ್ಕೆ ದಕ್ಷಿಣ ಭಾರತದಲ್ಲಿ ಮುಖ್ಯ ಕೇಂದ್ರ ಬೆಂಗಳೂರಾಯಿತು. 1923ರಲ್ಲಿ ಅಲ್ಲಿ ಪಶುಸಂಗೋಪನೆ ಮತ್ತು ಡೇರಿ ವಿಜ್ಞಾನದ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಅನಾರೋಗ್ಯದಿಂದ ಚೇತರಿಸಿಕೊಳ್ಳಲು ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿ ಈ ಸಂಸ್ಥೆಗೆ ಹೋಗಿ ಹಸು ಸಾಕಣೆ ಮತ್ತು ಹಾಲಿನ ನಿರ್ವಹಣೆಯನ್ನು ಆಸಕ್ತಿಯಿಂದ ಅಭ್ಯಾಸ ಮಾಡಿದರು. ವರ್ಗೀಸ್ ಕುರಿಯನ್ ಅಮೆರಿಕಕ್ಕೆ ಓದಲು ಹೋಗುವ ಮುನ್ನ ಕೆಲವು ತಿಂಗಳು ತರಬೇತಿ ಪಡೆದದ್ದೂ ಇಲ್ಲೇ. 1946ರಲ್ಲಿ ನೋಂದಣಿಯಾದ ಖೇಡಾ ಜಿಲ್ಲೆಯ ಸಹಕಾರಿ ಒಕ್ಕೂಟ ಆನಂದ್ ಪಟ್ಟಣದಿಂದ ಮುಂಬಯಿಗೆ ಪಾಶ್ಚರೀಕರಿಸಿದ ಹಾಲು ಕಳಿಸಲು ತೊಡಗಿದಾಗ, ಹಾಲು ಕರೆಯುವವರೇ ಪಾಶ್ಚರೀಕರಣ ಯಂತ್ರದ ಒಡೆಯರಾಗುವ ಹೊಸ ವ್ಯವಸ್ಥೆ ಹುಟ್ಟಿತು. ಅಲ್ಲಿಗೆ 1949ರಲ್ಲಿ ಹೋಗಿ ನೆಲೆಸಿದ ಕುರಿಯನ್ ಆ ಮಾದರಿಯನ್ನು ದೇಶಕ್ಕೆಲ್ಲ ಹರಡಿದರು.

ಕರ್ನಾಟಕದಲ್ಲಿ ನಿರ್ಣಾಯಕ ವರ್ಷ 1974. ವಿಶ್ವಬ್ಯಾಂಕಿನ ನೆರವಿನೊಂದಿಗೆ ಆ ವರ್ಷ ಆರಂಭವಾದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ದಕ್ಷಿಣದ ಜಿಲ್ಲೆಗಳಲ್ಲಿ ಆನಂದ್ ಮಾದರಿಯ ಸಂಘಗಳನ್ನು ಕಟ್ಟಿತು. ಮುಂದೆ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು, ಅದರ ಹಾಲು ‘ನಂದಿನಿ’ ಎಂಬ ಹೆಸರಿನಿಂದ ಮನೆಮನೆ ತಲುಪಿತು. 1970ರ ದಶಕದಲ್ಲೇ ರೂಪುಗೊಂಡ ಹಾಸನದ ಒಕ್ಕೂಟ ಹಾಸನದ ಜೊತೆಗೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳನ್ನೂ ಒಳಗೊಂಡು ಬೆಳೆಯಿತು. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಗಳಲ್ಲಿ ಹರಿಯತೊಡಗಿದ ಮೇಲೆ ಹಸಿರು ಮೇವೂ ಸೀಮೆಹಸುಗಳೂ ಹೆಚ್ಚಿ, ರಾಗಿ, ಭತ್ತ, ಆಲೂಗಡ್ಡೆ, ಹೊಗೆಸೊಪ್ಪುಗಳ ದರ ಏರಿಳಿದರೂ ಹಾಲಿನ ಬಟವಾಡೆ ತಪ್ಪದು ಎಂಬ ಭರವಸೆ ಸಣ್ಣ ಹಿಡುವಳಿದಾರರಲ್ಲಿ ಮೂಡಿತು. ಚನ್ನರಾಯಪಟ್ಟಣದಲ್ಲಿ ಮಹಾಮಂಡಳದ ಹಾಲಿನ ಪುಡಿಯ ಘಟಕ ಬಂದದ್ದು ಇದೇ ಬೆಳವಣಿಗೆಯ ಮುಂದುವರಿಕೆ.

ಈ ವ್ಯವಸ್ಥೆ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ಪಾಶ್ಚರರ ತತ್ತ್ವ ಎಷ್ಟು ಕೈಗಳಲ್ಲಿ ಹಂಚಿಹೋಗಿದೆಯೆಂಬುದು ಅರ್ಥವಾಗುತ್ತದೆ. ಹೊತ್ತಾರೆಯೂ ಸಂಜೆಯೂ ಹಾಲು ಕರೆದವರು ಅದನ್ನು ಸ್ಟೀಲಿನ ಕ್ಯಾನಿನಲ್ಲಿ ತಂದು ಡೇರಿಗೆ, ಅಂದರೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ, ಹಾಕುತ್ತಾರೆ. ಕಾರ್ಯದರ್ಶಿ ಮಾದರಿ ತೆಗೆದು ಫ್ಯಾಟ್ ಎಷ್ಟು, ಕೊಬ್ಬಲ್ಲದ ಘನಾಂಶ ಎಷ್ಟು ಎಂದು ಅಳೆದು ದರ ಕಟ್ಟುತ್ತಾರೆ. ಹಾಲು ತಡವಾದರೆ ಹುಳಿಯುತ್ತದೆ, ಹುಳಿತರೆ ವಾಪಸಾಗುತ್ತದೆ ಎಂಬ ಅರಿವಿನಿಂದ ಕೆಚ್ಚಲು ತೊಳೆಯುವುದು, ಕ್ಯಾನು ಬಿಸಿಲಿಗಿಡುವುದು ಮನೆಯ ಶಿಸ್ತಾಗುತ್ತದೆ. ಹಾಲನ್ನು ಹಳ್ಳಿಯಲ್ಲೇ ತಂಪಾಗಿಡುವ ಬಿ.ಎಂ.ಸಿ. ಎಂಬ ದೊಡ್ಡ ತೊಟ್ಟಿಗಳಿಂದ ಟ್ಯಾಂಕರು ಅದನ್ನು ಡೇರಿ ಘಟಕಕ್ಕೆ ಒಯ್ಯುತ್ತದೆ. ಅಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಹೆಚ್ಚಿದ್ದಷ್ಟೂ ಬಣ್ಣ ಬೇಗ ಮಾಸುತ್ತದೆ. ತೆಳು ಲೋಹದ ಫಲಕಗಳ ನಡುವೆ ಹರಿಯುವ ಹಾಲನ್ನು 72 ಡಿಗ್ರಿಯಲ್ಲಿ ಕನಿಷ್ಠ 15 ಸೆಕೆಂಡು ಇರಿಸಿ ತಕ್ಷಣ 4 ಡಿಗ್ರಿಯ ಹತ್ತಿರಕ್ಕೆ ತಣಿಸಲಾಗುತ್ತದೆ. ಬಿಸಿ ಸಾಲದಿದ್ದರೆ ಕವಾಟವೊಂದು ತಾನಾಗಿಯೇ ತಿರುಗಿ ಹಾಲನ್ನು ಮತ್ತೆ ಹಿಂದಕ್ಕೆ ಕಳಿಸುತ್ತದೆ. ಹಸಿ ಹಾಲಿನಲ್ಲಿ ಸಹಜವಾಗಿಯೇ ಇರುವ ಫಾಸ್ಫಟೇಸ್ ಎಂಬ ಕಿಣ್ವ ಈ ಬಿಸಿಯಲ್ಲಿ ನಾಶವಾಗುವುದರಿಂದ, ಅದು ಉಳಿದಿದೆಯೇ ಎಂದು ನೋಡಿದರೆ ಪಾಶ್ಚರೀಕರಣ ಸರಿಯಾಗಿ ಆಗಿದೆಯೇ ಎಂಬುದು ತಿಳಿಯುತ್ತದೆ.

ಪ್ಲೇಗಿನ ಕಾಲದ ಕ್ರಮಗಳಿಗೂ ಇದಕ್ಕೂ ಇರುವ ಅಂತರ ಎದ್ದು ಕಾಣುವಂಥದು. 1898ರಲ್ಲಿ ಸ್ವಚ್ಛತೆ ಮೇಲಿನಿಂದ ಬಂದ ಆಜ್ಞೆಯಾಗಿತ್ತು, ತಪ್ಪಿದರೆ ಶಿಬಿರವಾಸ. ಡೇರಿಯಲ್ಲಿ ಸ್ವಚ್ಛತೆ ಮಾಡುವವರಿಗೇ ಬೆಲೆಯಾಗಿ ಮರಳುತ್ತದೆ, ನಿಯಮ ಮಾಡುವ ಸಂಘದಲ್ಲಿ ಅವರಿಗೆ ಮತವೂ ಇದೆ. ಹಾಲಿನ ಹಣ ಬಹುಮಟ್ಟಿಗೆ ಹೆಣ್ಣುಮಕ್ಕಳ ದುಡಿಮೆಯ ಫಲವಾದ್ದರಿಂದ ಅದು ಮಕ್ಕಳ ಓದಿಗೂ ಮನೆಯ ಆಹಾರಕ್ಕೂ ಒದಗಿತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಹಾಲಿನ ಪುಡಿಯಿಂದ ತಯಾರಿಸಿದ ಹಾಲನ್ನು ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಕೊಡುವುದು ಸಾಧ್ಯವಾದದ್ದೂ ಹೆಚ್ಚಾದ ಹಾಲನ್ನು ಕೆಡದಂತೆ ಒಣಗಿಸಿ ಕೂಡಿಡುವ ಶಕ್ತಿ ರಾಜ್ಯಕ್ಕೆ ಬಂದುದರಿಂದಲೇ.

ಉಳಿದಿರುವ ಕೆಲಸ

ಪಾಶ್ಚರರ ವಿಜ್ಞಾನಕ್ಕೆ ಮಿತಿಗಳೂ ಇವೆ. ಬಿಸಿ ಜೀವಿಯನ್ನು ಕೊಲ್ಲುತ್ತದೆ, ರಾಸಾಯನಿಕವನ್ನು ಅಳಿಸುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದ ಹಸುವಿನ ಹಾಲಿಗೆ ಇಳಿಯುವ ಅಫ್ಲಾಟಾಕ್ಸಿನ್ ಎಂಬ ವಿಷವಾಗಲಿ, ಕೆಚ್ಚಲು ಬಾವಿಗೆ ಕೊಟ್ಟ ಆ್ಯಂಟಿಬಯಾಟಿಕ್ ಉಳಿಕೆಯಾಗಲಿ ಪಾಶ್ಚರೀಕರಣದಿಂದ ಹೋಗುವುದಿಲ್ಲ. ಅವನ್ನು ತಡೆಯಬೇಕಾದ್ದು ಕೊಟ್ಟಿಗೆಯಲ್ಲೇ, ಮೇವನ್ನು ಒಣಗಿಸಿಡುವುದರಿಂದ ಮತ್ತು ಚಿಕಿತ್ಸೆಯ ದಿನಗಳ ಹಾಲನ್ನು ಡೇರಿಗೆ ಹಾಕದಿರುವುದರಿಂದ. ದನಗಳಲ್ಲಿ ಗರ್ಭಪಾತ ಉಂಟುಮಾಡಿ, ಅವುಗಳ ಹೆರಿಗೆ ಮಾಡಿಸುವವರಿಗೂ ಹಸಿ ಹಾಲು ಕುಡಿಯುವವರಿಗೂ ತಗಲುವ ಕಂದು ರೋಗಕ್ಕೆ, ಅಂದರೆ ಬ್ರುಸೆಲ್ಲಾ ರೋಗಕ್ಕೆ, ಎಳೆಗರುಗಳಿಗೇ ಲಸಿಕೆ ಹಾಕಿಸಬೇಕು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಭಾರತದಲ್ಲೇ ಸಂಭವಿಸುತ್ತವೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಮೈಸ್ಟರ್ ಬದುಕುಳಿದು 140 ವರ್ಷ ಕಳೆದರೂ ಗಾಯವನ್ನು ಸೋಪಿನಿಂದ ತೊಳೆದು ಕೂಡಲೇ ಲಸಿಕೆ ಪಡೆಯುವ ಅರಿವು ಎಲ್ಲರನ್ನೂ ಮುಟ್ಟಿಲ್ಲವೆಂದು ಎಚ್ಚರಿಸುತ್ತದೆ. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ತೀರಿಕೊಂಡ ದಿನವನ್ನೇ ಜಗತ್ತು ರೇಬೀಸ್ ದಿನವಾಗಿ ಆಚರಿಸುತ್ತಿದೆ.

ಒಬ್ಬ ವಿಜ್ಞಾನಿಯ ಪ್ರಭಾವವನ್ನು ಅವನ ಸಂಶೋಧನೆಗಳ ಪಟ್ಟಿಯಿಂದ ಅಳೆಯುವುದು ಸುಲಭ; ಆದರೆ ಹಾಸನ ಸೀಮೆಯ ಅನುಭವ ಬೇರೊಂದು ಅಳತೆಗೋಲನ್ನು ಕೊಡುತ್ತದೆ. ಪ್ಲೇಗಿನ ಲಸಿಕೆ ವಿಜ್ಞಾನವಾಗಿ ಸಮರ್ಥವಾಗಿತ್ತು, ಆದರೂ ಭಯ ಮತ್ತು ಬಲವಂತದ ನೆರಳಿನಲ್ಲಿ ಬಂದ ಕಾರಣಕ್ಕೆ ಹಳ್ಳಿಗಳನ್ನು ಪೂರ್ತಿ ಕಾಪಾಡಲಾಗಲಿಲ್ಲ. ರೇಷ್ಮೆ ಮೊಟ್ಟೆಯ ಪರೀಕ್ಷೆಯೂ ಹಾಲಿನ ಪಾಶ್ಚರೀಕರಣವೂ ಅದೇ ವಿಜ್ಞಾನದ ಕವಲುಗಳು. ಬೆಳೆಗಾರ ಮತ್ತು ಹಾಲು ಹಾಕುವವರ ದುಡಿಮೆಗೆ ಬೆಲೆ ತಂದುಕೊಟ್ಟ ಕಾರಣಕ್ಕೆ ಅವು ದಿನನಿತ್ಯದ ರೂಢಿಯಾಗಿ ಉಳಿದವು. ಮುಂದೆ ಬರಬಹುದಾದ ರೋಗಗಳನ್ನು ಎದುರಿಸಲು ಹೊಸ ಲಸಿಕೆಗಳೂ ಹೊಸ ಪರೀಕ್ಷೆಗಳೂ ಬೇಕೇ ಬೇಕು. ಅವುಗಳ ಜೊತೆಗೆ ಊರಿನ ಹಾಲು ಸಂಘದಷ್ಟೇ ಜನರಿಗೆ ಹತ್ತಿರವಾದ, ಲೆಕ್ಕ ಕೇಳಬಹುದಾದ, ನಂಬಬಹುದಾದ ಆರೋಗ್ಯ ಸಂಸ್ಥೆಗಳನ್ನೂ ಕಟ್ಟಿಕೊಳ್ಳಬೇಕೆಂಬುದು ಈ ಇತಿಹಾಸ ಕಲಿಸುವ ಪಾಠ.